ಕೊಕ್ಕೆ ಕಳಚಿದ ಮೇಲೆ

2006ರಲ್ಲಿ, ಹೊಸ ಉದ್ಯಮಿಗಳು ಹೂಡಿಕೆದಾರರ ಮುಂದೆ ನಿಂತು ಹಣ ಕೇಳುವ ಬಿಬಿಸಿಯ ‘ಡ್ರಾಗನ್ಸ್ ಡೆನ್’ ಟಿ.ವಿ. ಕಾರ್ಯಕ್ರಮಕ್ಕೆ ರಾಬ್ ಲಾ ಎಂಬ ಯುವ ವಿನ್ಯಾಸಕಾರರೊಬ್ಬರು ಮಕ್ಕಳ ಸೂಟ್‌ಕೇಸ್ ಹಿಡಿದು ಬಂದರು. ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಅಡಿಯಲ್ಲಿ ಚಕ್ರ, ಮುಂಭಾಗದಲ್ಲಿ ಹಿಡಿದುಕೊಳ್ಳಲು ಎರಡು ಕೊಂಬು. ಒಳಗೆ ಮಗುವಿನ ಬಟ್ಟೆ, ಆಟಿಕೆ. ಮೇಲೆ ಮಗುವಿನ ಸವಾರಿ. ಪಟ್ಟಿ ಹಿಡಿದು ಎಳೆಯುವುದು ಅಪ್ಪ ಅಮ್ಮನ ಕೆಲಸ. ಅದರ ಹೆಸರು ಟ್ರಂಕಿ. ಕಂಪನಿಯ ಶೇ 10ರಷ್ಟು ಪಾಲಿಗೆ ಲಾ ಕೇಳಿದ್ದು 1 ಲಕ್ಷ ಪೌಂಡ್. ಹೂಡಿಕೆದಾರ ಥಿಯೋ ಪಫೈಟಿಸ್ ಪಟ್ಟಿಯನ್ನು ಬಲವಾಗಿ ಜಗ್ಗಿದರು. ಕೊಕ್ಕೆ ಕಳಚಿ ಬಂತು. ಒಬ್ಬ ಹೂಡಿಕೆದಾರರು ಅರ್ಧ ಪಾಲು ಕೊಟ್ಟರೆ ಹಣ ಹಾಕುವೆ ಎಂದರೂ ಲಾ ಒಪ್ಪದೆ ಬರಿಗೈಯಲ್ಲಿ ಹೊರನಡೆದರು.

ಅದೇ ಸೂಟ್‌ಕೇಸ್ ಮುಂದೆ ಲಕ್ಷಗಟ್ಟಲೆ ಮಾರಾಟವಾಯಿತು. 2023ರಲ್ಲಿ ಕಂಪನಿ 1.2 ಕೋಟಿ ಪೌಂಡ್‌ಗೆ ಬೇರೆಯವರ ಕೈಸೇರಿತು. ಹಾಗೆಂದು ಪಫೈಟಿಸ್ ಜಗ್ಗಿದ್ದನ್ನು ನಾನು ತಪ್ಪು ಎನ್ನುವುದಿಲ್ಲ. ಮಗುವನ್ನು ಹೊರುವ ವಸ್ತುವನ್ನು ಯಾರಾದರೂ ಜಗ್ಗಿ ನೋಡಲೇಬೇಕು.

ಮಕ್ಕಳೊಂದಿಗಿನ ಪ್ರಯಾಣದ ತೊಡಕು ಏನೆಂದು ಹೆತ್ತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಂಕುಳಲ್ಲಿ ಕೂಸು, ಹೆಗಲಲ್ಲಿ ಚೀಲ, ಒಂದು ಕೈಯಲ್ಲಿ ಹಾಲಿನ ಬಾಟಲಿ, ಇನ್ನೊಂದರಲ್ಲಿ ಟಿಕೆಟ್ಟು. ಆದರೆ ಹಣ ಹಾಕುವವರ ಲೆಕ್ಕವೇ ಬೇರೆ. ಒಂದು ಸಂಸಾರ ವರ್ಷಕ್ಕೆ ಎಷ್ಟು ಸಲ ಊರು ಬಿಡುತ್ತದೆ? ಮಗು ಬೆಳೆದ ಮೇಲೆ ಅದೇ ಮನೆಯವರು ಎರಡನೆಯದನ್ನು ಕೊಳ್ಳುತ್ತಾರೆಯೇ, ಇಲ್ಲ ತಂಗಿಯ ಮಗುವಿಗೆ ದಾಟಿಸುತ್ತಾರೆಯೇ? ಮಗುವಿಗೆ ಪೆಟ್ಟಾದರೆ ಹೊಣೆ ಯಾರು? ಈ ಪ್ರಶ್ನೆಗಳನ್ನು ಕಲ್ಲೆದೆಯವರ ಪ್ರಶ್ನೆಗಳೆಂದು ತಳ್ಳಿಹಾಕಿದವರು ಮೊದಲ ಸಾಲಿನ ಸರಕು ಮಾರುವುದರೊಳಗೇ ಸೋಲುತ್ತಾರೆ.

ನಕಲಿನ ಕಾಟ ಬೇರೆ. ಟ್ರಂಕಿಯನ್ನು ಹೋಲುವ ‘ಕಿಡ್ಡೀ ಕೇಸ್’ ಎಂಬ ಅಗ್ಗದ ಪೆಟ್ಟಿಗೆ ಮಾರುಕಟ್ಟೆಗೆ ಬಂದಾಗ ಲಾ ಅವರ ಕಂಪನಿ ಕೋರ್ಟಿಗೆ ಹೋಯಿತು. ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಏರಿ, 2016ರ ಮಾರ್ಚ್‌ನಲ್ಲಿ ಲಾ ಸೋತರು. ಕಲ್ಪನೆ ಹೊಸದು, ಜಾಣತನದ್ದು ಎಂದು ನ್ಯಾಯಮೂರ್ತಿಗಳೂ ಒಪ್ಪಿದರು. ಆದರೆ ನೋಂದಾಯಿತ ವಿನ್ಯಾಸದ ಕಾನೂನು ಕಾಯುವುದು ಕಲ್ಪನೆಯನ್ನಲ್ಲ, ರೂಪವನ್ನು. ನೋಂದಣಿಗೆ ಕೊಟ್ಟ ಕಂಪ್ಯೂಟರ್ ಚಿತ್ರಗಳಲ್ಲಿ ಕಾಣುತ್ತಿದ್ದುದು ಕೊಂಬಿನ ಪ್ರಾಣಿ. ಎದುರಾಳಿಯ ಪೆಟ್ಟಿಗೆಗಳಲ್ಲಿ ಒಂದು ಮೀಸೆಯ ಕೀಟ, ಇನ್ನೊಂದು ಕಿವಿಯ ಪ್ರಾಣಿ. ಚಿತ್ರದಲ್ಲಿ ಚಕ್ರದ ಬಣ್ಣ ಮೈಬಣ್ಣಕ್ಕಿಂತ ಗಾಢವಾಗಿದ್ದುದೂ ವಾದದ ವಸ್ತುವಾಯಿತು. ಯಾವ ಚಿತ್ರ ಕೊಡಬೇಕು, ಬಣ್ಣ ತುಂಬಬೇಕೋ ಬರೀ ಗೆರೆಯಲ್ಲಿ ಬಿಡಬೇಕೋ ಎಂಬ ಸಣ್ಣ ನಿರ್ಧಾರದ ಮೇಲೆ ಇಷ್ಟೆಲ್ಲ ನಿಂತಿರುತ್ತದೆ. ಹೂಡಿಕೆದಾರರ ಹತ್ತಿರ ಹೋಗುವ ಮೊದಲು ವಿನ್ಯಾಸ ನೋಂದಣಿಯ ವಕೀಲರನ್ನು ಕಾಣುವುದು ಲೇಸು.

ಯಾವ ಟಿ.ವಿ. ವೇದಿಕೆಯನ್ನೂ ಹತ್ತದೆ ಗೆದ್ದ ಅಜ್ಜ ಒಬ್ಬರಿದ್ದರು. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರವ್ಯವಸ್ಥೆಯಲ್ಲಿ ಕೆಲಸ ಮಾಡಿದ್ದ ಓವನ್ ಮ್ಯಾಕ್ಲಾರೆನ್. ಮೊಮ್ಮಗುವಿನೊಂದಿಗೆ ಬಂದ ಮಗಳು ಭಾರದ ತಳ್ಳುಗಾಡಿಯ ಜೊತೆ ಹೆಣಗುವುದನ್ನು ಕಂಡವರು ವಿಮಾನದ ಕಸುಬನ್ನೇ ಅಲ್ಲಿಗೆ ತಂದರು. ಅಲ್ಯೂಮಿನಿಯಂ ಕೊಳವೆಗಳು, ಕೊಡೆಯ ಹಾಗೆ ಮಡಚಿಕೊಳ್ಳುವ ಚೌಕಟ್ಟು, ತೂಕ ಸುಮಾರು 3 ಕೆ.ಜಿ. 1965ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1967ರಲ್ಲಿ ಇಂಗ್ಲೆಂಡಿನ ಬಾರ್ಬಿ ಎಂಬ ಹಳ್ಳಿಯಲ್ಲಿ ತಯಾರಿಕೆ ಶುರುವಾಯಿತು. ಇಂದು ನಮ್ಮ ಮಾಲ್‌ಗಳಲ್ಲಿ ಕಾಣುವ ಮಡಚುವ ಸ್ಟ್ರಾಲರ್‌ಗಳ ಮೂಲಪುರುಷ ಇವರೇ.

ಸರ್ಕಾರದ ನಿಯಮ ಇಂಥ ಸರಕಿಗೆ ಮಾಡುವಷ್ಟು ಉಪಕಾರವನ್ನು ಜಾಹೀರಾತು ಮಾಡಲಾರದು. ಉತ್ತರ ಐರ್ಲೆಂಡಿನ ಡೆರ್ರಿಯ ಗ್ರಾನ್ಯ ಕೆಲ್ಲಿ ಎಂಬ ತಾಯಿ, ಹಿಂದೆ ಟ್ರಾವೆಲ್ ಏಜೆಂಟ್ ಆಗಿದ್ದವರು, ಗಾಳಿ ತುಂಬಿ ಬಳಸುವ ‘ಬಬಲ್‌ಬಮ್’ ಬೂಸ್ಟರ್ ಸೀಟು ಮಾಡಿದರು. ಗಾಳಿ ಬಿಟ್ಟರೆ ಬ್ಯಾಗಿನೊಳಗೆ ಕೂರುತ್ತದೆ, ತೂಕ ಅರ್ಧ ಕೆ.ಜಿ. ಆಸುಪಾಸು. ಬ್ರಿಟನ್ನಿನಲ್ಲಿ 2006ರಿಂದ ಮಗು 12 ವರ್ಷ ಅಥವಾ 135 ಸೆಂ.ಮೀ. ಎತ್ತರ ಮುಟ್ಟುವವರೆಗೆ ಕಾರಿನಲ್ಲಿ ಇಂಥ ಸೀಟು ಬೇಕೇ ಬೇಕು. ಬಾಡಿಗೆ ಕಾರು ಹತ್ತುವ ಪ್ರತಿ ಕುಟುಂಬವೂ ಗಿರಾಕಿ. ಅಮೆರಿಕದಲ್ಲಿ ಸಾರಿಗೆ ಇಲಾಖೆಯ ಉನ್ನತ ಹುದ್ದೆಯಲ್ಲಿದ್ದ ಲೂಯಿಸ್ ಸ್ಟಾಲ್ ಎಂಬ ಅಜ್ಜಿ ವಿಮಾನದ ಸೀಟಿಗೆ ಬಿಗಿಯುವ ‘ಕೇರ್ಸ್’ ಪಟ್ಟಿ ಕಂಡುಹಿಡಿದರು. 10ರಿಂದ 20 ಕೆ.ಜಿ. ತೂಕದ ಮಕ್ಕಳಿಗಾಗಿ ಮಾಡಿದ ಆ ಪಟ್ಟಿ ಅಲ್ಲಿನ ವಿಮಾನಯಾನ ಆಡಳಿತದ ಒಪ್ಪಿಗೆಯ ಮುದ್ರೆಯೊಂದಿಗೇ ಮಾರುಕಟ್ಟೆಗೆ ಬಂತು.

ನಮ್ಮ ಸಂಸಾರಗಳು ಓಡಾಡುವುದು ಹೇಗೆ? ಬಹುಪಾಲು ಬಸ್ಸು, ರೈಲು, ದ್ವಿಚಕ್ರ ವಾಹನ. ರೈಲಿನಲ್ಲಿ ಮೇಲಿನ ಬರ್ತಿನಿಂದ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸುವ ತಾಯಂದಿರು ಯಾವ ಇಂಜಿನಿಯರಿಗೂ ಕಡಿಮೆಯಿಲ್ಲ. 2022ರ ಮೇ 8ರ ತಾಯಂದಿರ ದಿನಕ್ಕೆ ಉತ್ತರ ರೈಲ್ವೆ ಲಖನೌ ಮೇಲ್‌ನ ಒಂದು ಬೋಗಿಯಲ್ಲಿ ಕೆಳ ಬರ್ತಿಗೆ ಕೂಡಿಸಿ, ಮಡಚಬಹುದಾದ ‘ಬೇಬಿ ಬರ್ತ್’ ಪ್ರಯೋಗ ಮಾಡಿತು. ಉದ್ದ 770 ಮಿ.ಮೀ., ಅಗಲ 255 ಮಿ.ಮೀ. ಮಗು ಉರುಳದಂತೆ ಪಟ್ಟಿಯೂ ಇತ್ತು. ಬರ್ತಿನ ತುದಿಯಲ್ಲಿ ಒಂದೇ ಮಗ್ಗುಲಲ್ಲಿ ರಾತ್ರಿ ಕಳೆಯುವ ತಾಯಿಯ ಕಷ್ಟವನ್ನು ಒಂದು ಸಂಸ್ಥೆ ಅಳತೆ ಹಿಡಿದು ನೋಡಿತಲ್ಲ, ಅದಕ್ಕೇ ಅದು ದೊಡ್ಡದು.

ಇದಕ್ಕಿಂತಲೂ ತುರ್ತಿನದು ರಸ್ತೆಯದು. ಅಪ್ಪನ ಬೆನ್ನಿಗೂ ಅಮ್ಮನ ಮಡಿಲಿಗೂ ನಡುವೆ ತೂಕಡಿಸುವ ಮಗುವನ್ನು ದುಪಟ್ಟಾದಲ್ಲಿ ಬಿಗಿದು ಸ್ಕೂಟರ್ ಓಡಿಸುವ ನೋಟ ನಮಗೆಲ್ಲ ಗೊತ್ತು. 2022ರ ಫೆಬ್ರುವರಿಯಲ್ಲಿ ಹೊರಬಿದ್ದು ಮರುವರ್ಷ ಜಾರಿಯಾದ ಕೇಂದ್ರ ನಿಯಮದಂತೆ, 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಕಡ್ಡಾಯ; ವೇಗ ಗಂಟೆಗೆ 40 ಕಿ.ಮೀ. ದಾಟುವಂತಿಲ್ಲ. ಪಟ್ಟಿ ಹಗುರವಿರಬೇಕು, ನೀರಿಗೆ ಕೆಡಬಾರದು, ಹಿಗ್ಗಿಸಿ ಕುಗ್ಗಿಸುವಂತಿರಬೇಕು, 30 ಕೆ.ಜಿ. ತಡೆಯಬೇಕು. ಉತ್ಪನ್ನ ಹೇಗಿರಬೇಕೆಂದು ನಿಯಮವೇ ಬರೆದುಕೊಟ್ಟಿದೆ. ಹೀಗಿದ್ದೂ ನಮ್ಮ ಊರಿನ ಬೀದಿಯಲ್ಲಿ ಅದನ್ನು ತೊಟ್ಟ ಮಗು ಕಾಣುವುದು ಅಪರೂಪ. ಇದು ನನ್ನನ್ನು ಕಾಡುತ್ತದೆ.

‘ಡ್ರಾಗನ್ಸ್ ಡೆನ್’ ಮಾದರಿಯದೇ ಆದ ನಮ್ಮ ‘ಶಾರ್ಕ್ ಟ್ಯಾಂಕ್ ಇಂಡಿಯಾ’ 2021ರ ಡಿಸೆಂಬರ್‌ನಲ್ಲಿ ಶುರುವಾದ ಮೇಲೆ ಪಾಲು, ಮೌಲ್ಯ, ಲಾಭದಂಚು ಎಂಬ ಮಾತುಗಳು ನಡುಮನೆಗೂ ಬಂದಿವೆ. ಮಕ್ಕಳ ಸ್ಟ್ರಾಲರಿಗೆ ಸಾವಿರಾರು ರೂಪಾಯಿ ಕೊಡಬಲ್ಲ ಮನೆಗಳಿಗೆ ಸರಕು ಮಾಡುವವರು ಬೇಕಾದಷ್ಟಿದ್ದಾರೆ. ಸ್ಕೂಟರಿನ ಕಂತು ಕಟ್ಟುತ್ತಿರುವ ಮನೆಗೆ ಮಾಡುವವರು ಬೇಕು. ಹುಬ್ಬಳ್ಳಿಯದೋ ಹಾಸನದ್ದೋ ದಂಪತಿ ಇಂಥ ಪಟ್ಟಿಯೊಂದನ್ನು ಹೊಲಿದು ಹಣ ಕೇಳಲು ನಿಂತರೆ ಮಗುವಿನ ಮುದ್ದು ಫೋಟೊಗಿಂತ ಮೊದಲು ಪರೀಕ್ಷಾ ವರದಿ ಇಡಲಿ. ಕೇಳುವ ಹಣ ಬಕಲ್ಲಿನ ಅಚ್ಚಿಗೆ, ಬಿಐಎಸ್ ಪ್ರಮಾಣಪತ್ರಕ್ಕೆ ಮತ್ತು ತಾಲ್ಲೂಕು ಪಟ್ಟಣಗಳ ಹೆಲ್ಮೆಟ್ ಅಂಗಡಿಗಳಿಗೆ ಸರಕು ತುಂಬುವುದಕ್ಕೆ ಇರಲಿ. ಸ್ಕೂಟರ್ ಶೋರೂಮಿನವರು ಗಾಡಿಯ ಕೀಲಿಯ ಜೊತೆಗೇ ಅದನ್ನು ಕೊಡುವಂತಾದರೆ ಇನ್ನೂ ಒಳ್ಳೆಯದು.