ರೇಸ್ ಟ್ರ್ಯಾಕ್‌ನಲ್ಲಿ ಕಾರು: ಬ್ರೇಕ್‌ಗೆ ಗಾಳಿ ಏಕೆ ಬೇಕು, ಹೇಗೆ ಕೊಡಬೇಕು?

ಪ್ರತಿದಿನ ಕಚೇರಿಗೆ ಓಡಾಡುವ ಕಾರನ್ನೇ ವಾರಾಂತ್ಯದಲ್ಲಿ ರೇಸ್ ಟ್ರ್ಯಾಕ್‌ಗೆ ಒಯ್ದು ವೇಗದ ರುಚಿ ನೋಡುವ ಹವ್ಯಾಸಿಗಳು ನಮ್ಮ ನಗರಗಳಲ್ಲಿ ಇದ್ದಾರೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈನಲ್ಲಿರುವ 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಬೆಂಗಳೂರಿನಿಂದ ಕಾರಿನಲ್ಲೇ ಹೋಗಿಬರಬಹುದಾದ ದೂರದಲ್ಲಿವೆ. ಹೊಸಬರ ಗಮನವೆಲ್ಲ ಸಾಮಾನ್ಯವಾಗಿ ಎಂಜಿನ್ನಿನ ಶಕ್ತಿಯ ಮೇಲಿರುತ್ತದೆ. ಆದರೆ ರಸ್ತೆಗಾಗಿ ತಯಾರಾದ ಕಾರು ಟ್ರ್ಯಾಕ್‌ಗೆ ಇಳಿದಾಗ ಎಂಜಿನ್‌ಗಿಂತ ಮೊದಲು ದಣಿಯುವುದು ಬಹುತೇಕ ಬ್ರೇಕ್. ಅದಕ್ಕೆ ಗಾಳಿಯ ಕೊಳವೆ, ಅಂದರೆ ಕೂಲಿಂಗ್ ಡಕ್ಟ್ ಅಳವಡಿಸುವುದು ಪ್ರಚಲಿತ ಪರಿಹಾರ. ಆ ಗಾಳಿ ಎಲ್ಲಿಗೆ ತಲುಪುತ್ತದೆ ಎಂಬುದರ ಮೇಲೆ ಅದರ ಫಲ ನಿಂತಿದೆ.

ಶಾಖದ ಲೆಕ್ಕ

ಬ್ರೇಕ್ ಮಾಡುವ ಕೆಲಸ ಸರಳ. ಅದು ಕಾರಿನ ಚಲನಶಕ್ತಿಯನ್ನು ಶಾಖವನ್ನಾಗಿ ಪರಿವರ್ತಿಸುತ್ತದೆ. 1,200 ಕಿಲೋ ತೂಕದ ಕಾರು ಗಂಟೆಗೆ 160 ಕಿ.ಮೀ. ವೇಗದಿಂದ 60 ಕಿ.ಮೀ.ಗೆ ಇಳಿದರೆ ಸುಮಾರು 10 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಕೊಠಡಿಯ ಉಷ್ಣತೆಯಲ್ಲಿರುವ ಮೂರು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವಷ್ಟು ಶಕ್ತಿ ಇದು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಇದೆಲ್ಲ ಸುಮಾರು ನಾಲ್ಕು ಸೆಕೆಂಡುಗಳಲ್ಲಿ ನಡೆದುಹೋಗುತ್ತದೆ.

ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಈ ಶಾಖದ ಹೆಚ್ಚಿನ ಪಾಲು ಮುಂಭಾಗದ ಎರಡು ಡಿಸ್ಕ್‌ಗಳ ಪಾಲಿಗೆ ಬರುತ್ತದೆ. ಒಂದೊಂದು ಡಿಸ್ಕ್ ಆರು ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೆ, ಒಂದೇ ಬಾರಿಯ ಬ್ರೇಕ್‌ಗೆ ಅದರ ಉಷ್ಣತೆ ನೂರು ಡಿಗ್ರಿಗೂ ಮೀರಿ ಏರುತ್ತದೆ. ರಸ್ತೆಯಲ್ಲಾದರೆ ಮುಂದಿನ ಬ್ರೇಕ್‌ಗೆ ಮುನ್ನ ಅದು ತಣಿಯಲು ಸಮಯವಿರುತ್ತದೆ. ಟ್ರ್ಯಾಕ್‌ನಲ್ಲಿ ಕೆಲವೇ ಕ್ಷಣಗಳಲ್ಲಿ ಮತ್ತೊಂದು ತಿರುವು ಎದುರಾಗುತ್ತದೆ. ಹೀಗೆ ಸುತ್ತಿನಿಂದ ಸುತ್ತಿಗೆ ಶಾಖ ಶೇಖರವಾಗುತ್ತಾ ಹೋಗುತ್ತದೆ.

ಎರಡು ಬಗೆಯ ವೈಫಲ್ಯ

ಮಿತಿಮೀರಿದ ಶಾಖ ಬ್ರೇಕನ್ನು ಎರಡು ರೀತಿಯಲ್ಲಿ ಕೆಡಿಸುತ್ತದೆ. ಮೊದಲನೆಯದು ಪ್ಯಾಡ್‌ನ ವೈಫಲ್ಯ. ಪೆಡಲ್ ಎಂದಿನಂತೆ ಗಟ್ಟಿಯಾಗಿಯೇ ಇರುತ್ತದೆ, ಆದರೆ ಎಷ್ಟು ಒತ್ತಿದರೂ ಕಾರು ನಿಧಾನವಾಗುವುದಿಲ್ಲ. ಆಗುಂಬೆ ಅಥವಾ ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದು, ಸುಟ್ಟ ವಾಸನೆ ಕಂಡವರಿಗೆ ಇದರ ಆರಂಭದ ಲಕ್ಷಣ ಪರಿಚಿತ.

ಎರಡನೆಯದು ಹೆಚ್ಚು ಅಪಾಯಕಾರಿ. ಶಾಖ ಕ್ಯಾಲಿಪರ್ ಮೂಲಕ ಬ್ರೇಕ್ ಆಯಿಲ್‌ಗೆ ತಲುಪಿ ಅದು ಕುದಿಯತೊಡಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹೀಗಾಗಿ ಪೆಡಲ್ ಮೆತ್ತಗಾಗಿ ನೆಲಕ್ಕೆ ತಾಗುತ್ತದೆ, ಚಕ್ರದ ಬಳಿ ಒತ್ತಡವೇ ಹುಟ್ಟುವುದಿಲ್ಲ. ನೇರ ಹಾದಿಯ ಕೊನೆಯಲ್ಲಿ ಇದು ಸಂಭವಿಸಿದರೆ ಚಾಲಕನಿಗೆ ಉಳಿಯುವ ಕಾಲಾವಕಾಶ ಅತ್ಯಲ್ಪ.

ಮಾನದಂಡದ ಪ್ರಕಾರ ಹೊಸ ಡಾಟ್ 3 ಆಯಿಲ್‌ನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದ್ದು 230 ಡಿಗ್ರಿ. ಈ ದ್ರವಗಳು ಗಾಳಿಯಲ್ಲಿನ ತೇವಾಂಶವನ್ನು ಹೀರುತ್ತವೆ. ತೇವ ಹೀರಿದ ಸ್ಥಿತಿಗೆ ನಿಗದಿಯಾದ ಕನಿಷ್ಠ ಮಟ್ಟ ಕ್ರಮವಾಗಿ 140 ಹಾಗೂ 155 ಡಿಗ್ರಿ ಮಾತ್ರ. ವರ್ಷಗಟ್ಟಲೆ ಬದಲಿಸದ ಆಯಿಲ್‌ನೊಂದಿಗೆ ಟ್ರ್ಯಾಕ್‌ಗೆ ಇಳಿಯುವುದು ಏಕೆ ಅಪಾಯ ಎಂಬುದಕ್ಕೆ ಈ ಅಂಕಿಗಳೇ ಉತ್ತರ.

ಗಾಳಿ ಎಲ್ಲಿಗೆ ಹೋಗಬೇಕು?

ಇಂದಿನ ಹಲವು ಕಾರುಗಳ ಮುಂದಿನ ಡಿಸ್ಕ್ ಎರಡು ಪದರಗಳದ್ದು. ನಡುವೆ ಗಾಳಿಯಾಡಲು ಸಂದುಗಳಿರುತ್ತವೆ. ಚಕ್ರ ತಿರುಗುವಾಗ ಇದು ಪಂಪ್‌ನಂತೆ ವರ್ತಿಸುತ್ತದೆ. ನಡುಭಾಗದಿಂದ ಗಾಳಿಯನ್ನು ಒಳಗೆಳೆದು ಅಂಚಿನಿಂದ ಹೊರಕ್ಕೆ ಚೆಲ್ಲುತ್ತದೆ. ಆದುದರಿಂದ ಕೊಳವೆಯ ಬಾಯಿ ಡಿಸ್ಕ್‌ನ ಒಳಮಗ್ಗುಲಿನಲ್ಲಿ, ಈ ನಡುಭಾಗಕ್ಕೆ ಎದುರಾಗಿ ಇರಬೇಕು.

ಅನೇಕರು ಕೊಳವೆಯನ್ನು ಚಕ್ರದ ಕಡೆಗೆ ತಿರುಗಿಸಿ ಸುಮ್ಮನಾಗುತ್ತಾರೆ. ಹಾಗೆ ಮಾಡಿದರೆ ಹೆಚ್ಚಿನ ಗಾಳಿ ಟೈರಿಗೆ ಬಡಿದು ಚದುರುತ್ತದೆ. ಗಾಳಿ ಡಿಸ್ಕ್‌ನ ಒಂದೇ ಮುಖಕ್ಕೆ ಬಡಿದರೆ ಇನ್ನೊಂದು ಮುಖ ಬಿಸಿಯಾಗಿಯೇ ಉಳಿಯುತ್ತದೆ. ಈ ಅಸಮ ಉಷ್ಣತೆಯಿಂದ ಡಿಸ್ಕ್ ಸೊಟ್ಟಗಾಗುವ, ಬಿರುಕು ಬಿಡುವ ಸಾಧ್ಯತೆ ಇರುತ್ತದೆ.

ಅಳವಡಿಕೆಯ ಹಂತಗಳು

ವ್ಯವಸ್ಥೆಯಲ್ಲಿ ಮೂರು ಭಾಗಗಳಿವೆ: ಗಾಳಿ ಹಿಡಿಯುವ ಬಾಯಿ, ಸಾಗಿಸುವ ಹೋಸ್, ಡಿಸ್ಕ್‌ಗೆ ತಲುಪಿಸುವ ತಗಡು.

ಗಾಳಿಯ ಒತ್ತಡ ಅಧಿಕವಾಗಿರುವುದು ಬಂಪರ್‌ನ ಮುಂಭಾಗದಲ್ಲಿ. ಫಾಗ್ ಲ್ಯಾಂಪ್ ತೆಗೆದ ಜಾಗವನ್ನು ಬಾಯಿಯಾಗಿ ಬಳಸುವುದು ರೂಢಿ. ಇದರಿಂದ ಬಂಪರ್ ಕೊರೆಯುವ ಪ್ರಮೇಯ ತಪ್ಪುತ್ತದೆ. ರೇಡಿಯೇಟರ್‌ಗೆ ಹೋಗುವ ಗಾಳಿಯನ್ನು ಮಾತ್ರ ಕಸಿಯಬಾರದು.

ಹೋಸ್ ಸಾಮಾನ್ಯವಾಗಿ 63 ಅಥವಾ 75 ಮಿ.ಮೀ. ವ್ಯಾಸದ್ದು. 75 ಮಿ.ಮೀ. ಹೋಸ್‌ನ ಅಡ್ಡಕೊಯ್ತ ಶೇ 40ರಷ್ಟು ಹೆಚ್ಚು, ಆದರೆ ಅದು ಹಿಡಿಸುವಷ್ಟು ಜಾಗ ಸಣ್ಣ ಕಾರುಗಳಲ್ಲಿ ಇರುವುದಿಲ್ಲ. ಶಾಖ ತಾಳುವ, ಸಿಲಿಕೋನ್ ಲೇಪಿತ ಗಾಜಿನ ನಾರಿನ ಹೋಸ್ ಇದಕ್ಕೆ ಯೋಗ್ಯ. ಅಗ್ಗದ ಪ್ಲಾಸ್ಟಿಕ್ ಪೈಪ್ ಡಿಸ್ಕ್‌ನ ಸಮೀಪ ಕರಗಿಬಿಡುತ್ತದೆ. ಪ್ರತಿಯೊಂದು ತಿರುವೂ ಗಾಳಿಯ ರಭಸವನ್ನು ಕುಗ್ಗಿಸುವುದರಿಂದ ದಾರಿ ಆದಷ್ಟೂ ನೇರವಾಗಿರಬೇಕು.

ಡಿಸ್ಕ್‌ನ ಹಿಂಬದಿಯಲ್ಲಿ ಕಂಪನಿಯೇ ಜೋಡಿಸಿದ ಧೂಳು ತಡೆಯುವ ತಗಡಿನ ಜಾಗಕ್ಕೆ, ಹೋಸ್ ಸಿಕ್ಕಿಸಲು ಕೊಳವೆಯಿರುವ ಹೊಸ ತಗಡು ಬರುತ್ತದೆ. ಇದು ಸ್ಟೀರಿಂಗ್‌ನೊಂದಿಗೆ ತಿರುಗುವ ಭಾಗಕ್ಕೆ ಬಿಗಿಯಾಗಬೇಕು. ಎಬಿಎಸ್ ಸೆನ್ಸರ್‌ನ ತಂತಿಗೆ ಧಕ್ಕೆಯಾಗದಂತೆ ಎಚ್ಚರ ಅಗತ್ಯ.

ಅಳವಡಿಕೆ ಮುಗಿದ ಬಳಿಕ ಸ್ಟೀರಿಂಗನ್ನು ಎಡತುದಿಯಿಂದ ಬಲತುದಿಯವರೆಗೆ ತಿರುಗಿಸಿ ನೋಡಬೇಕು. ಸಸ್ಪೆನ್ಷನ್ ಕುಗ್ಗಿದಾಗಲೂ ಚಕ್ರ ಜೋತಾಡುವಾಗಲೂ ಹೋಸ್ ಎಲ್ಲಿಯೂ ಟೈರಿಗೆ ಉಜ್ಜಬಾರದು, ಬ್ರೇಕ್ ಆಯಿಲ್‌ನ ಪೈಪ್‌ಗೆ ತಾಗಬಾರದು. ಸಡಿಲವಾದ ಹೋಸ್ ಆ ಪೈಪನ್ನು ಸವೆಸಿದರೆ, ಸುರಕ್ಷತೆಗೆಂದು ಮಾಡಿದ ಕೆಲಸವೇ ಅವಘಡಕ್ಕೆ ದಾರಿಯಾಗುತ್ತದೆ. ಅನುಭವಿ ಮೆಕ್ಯಾನಿಕ್‌ನಿಂದ ತಪಾಸಣೆ ಮಾಡಿಸುವುದು ಒಳಿತು.

ಮೊದಲು ಆಯಿಲ್, ನಂತರ ಡಕ್ಟ್

ಡಕ್ಟ್ ಸರ್ವರೋಗ ನಿವಾರಕವಲ್ಲ. ಹೊಸ ಡಾಟ್ 4 ಅಥವಾ ತಯಾರಕರ ಸಮ್ಮತಿಯಿದ್ದರೆ ಡಾಟ್ 5.1 ಆಯಿಲ್ ತುಂಬಿಸುವುದು ಮೊದಲ ಹೆಜ್ಜೆ. ಹೆಸರು ಹತ್ತಿರವಿದ್ದರೂ ಡಾಟ್ 5 ಬೇರೆಯೇ ಸಿಲಿಕೋನ್ ದ್ರವ, ಅದನ್ನು ಇವುಗಳೊಂದಿಗೆ ಬೆರೆಸಕೂಡದು. ಹೆಚ್ಚಿನ ಶಾಖ ತಾಳುವ ಪ್ಯಾಡ್ ಎರಡನೆಯ ಹೆಜ್ಜೆ. ಕೆಲವು ವೇಗದ ಸುತ್ತುಗಳ ನಂತರ ಬ್ರೇಕನ್ನು ಆದಷ್ಟು ಬಳಸದೆ ಒಂದು ನಿಧಾನದ ಸುತ್ತು ಹಾಕುವುದು ಖರ್ಚಿಲ್ಲದ ಉಪಾಯ. ನಿಂತ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಕಟ್ಟೆ ಕೊಡುವುದು ಲೇಸು. ಇಷ್ಟಾದರೂ ಶಾಖ ಹತೋಟಿಗೆ ಬಾರದಿದ್ದರೆ ಡಕ್ಟ್‌ನ ಸರದಿ.

ಫಲಿತಾಂಶವನ್ನು ಊಹೆಗೆ ಬಿಡಬೇಕಿಲ್ಲ. ಉಷ್ಣತೆಗೆ ತಕ್ಕಂತೆ ಬಣ್ಣ ಬದಲಿಸುವ ಪೇಂಟನ್ನು ಡಿಸ್ಕ್‌ನ ಅಂಚಿಗೂ, ಅಂಥದೇ ಪಟ್ಟಿಯನ್ನು ಕ್ಯಾಲಿಪರ್‌ಗೂ ಹಚ್ಚಿ, ಡಕ್ಟ್ ಹಾಕುವ ಮುನ್ನ ಮತ್ತು ನಂತರದ ವ್ಯತ್ಯಾಸ ಕಾಣಬಹುದು. ಅತಿಯಾಗಿ ತಣ್ಣಗಾದರೆ ರೇಸ್ ಪ್ಯಾಡ್‌ಗಳು ಸರಿಯಾಗಿ ಹಿಡಿಯುವುದಿಲ್ಲ. ರೇಸ್ ತಂಡಗಳು ತಂಪಾದ ದಿನಗಳಲ್ಲಿ ಡಕ್ಟ್‌ನ ಬಾಯಿಗೆ ಭಾಗಶಃ ಟೇಪ್ ಅಂಟಿಸುವುದು ಇದೇ ಕಾರಣಕ್ಕೆ.

ರಸ್ತೆಯಲ್ಲಿ ಬೇಕೇ?

ಘಾಟಿ ಇಳಿಯುವವರಿಗೆ ಡಕ್ಟ್‌ನಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಅಲ್ಲಿ ಕಾರಿನ ವೇಗ ಕಡಿಮೆ, ಹಾಗಾಗಿ ನುಗ್ಗುವ ಗಾಳಿಯೂ ಕಡಿಮೆ. ಕೆಳಗಿನ ಗೇರಿನಲ್ಲಿ ಇಳಿಯುವುದೇ ಅಲ್ಲಿನ ಮದ್ದು. ಮಳೆಗಾಲದಲ್ಲಿ ಡಕ್ಟ್ ಮೂಲಕ ನೀರು, ಕೆಸರು, ಸಣ್ಣ ಕಲ್ಲು ಡಿಸ್ಕ್‌ಗೆ ನುಗ್ಗುತ್ತವೆ. ಆದ್ದರಿಂದ ಊರಿಗೆ ಮರಳುವ ಮುನ್ನ ಬಾಯಿಯನ್ನು ಮುಚ್ಚಲು ಅನುಕೂಲವಿರಬೇಕು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಇದನ್ನು ಎತ್ತಿಹಿಡಿದಿದೆ. ಬಂಪರ್ ಕೊರೆಯುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಖಾಸಗಿ ಕಾರಿನ ಸಾಮಾನ್ಯ ವಿಮೆ ರೇಸಿಂಗ್ ಮತ್ತು ವೇಗ ಪರೀಕ್ಷೆಯ ವೇಳೆಯ ನಷ್ಟವನ್ನು ಭರಿಸುವುದಿಲ್ಲ ಎಂಬುದೂ ನೆನಪಿರಲಿ. ಟ್ರ್ಯಾಕ್‌ನಲ್ಲಿ ಬ್ರೇಕ್ ಕೈಕೊಟ್ಟರೆ ಕಾರಿನ ದುರಸ್ತಿಯ ಹೊರೆ ಬಹುಮಟ್ಟಿಗೆ ಮಾಲೀಕರ ಮೇಲೆಯೇ ಬೀಳುತ್ತದೆ.