ದೊಡ್ಡಪತ್ರೆಯಲ್ಲಿ ಓಮಕಾಳು ಬಿಡುವುದಿಲ್ಲ

‘ಅಜವಾನ ಗಿಡ’ ಎಂಬ ಚೀಟಿ ಅಂಟಿಸಿಕೊಂಡು ನರ್ಸರಿಯಿಂದ ಬಂದ ಕುಂಡ ಬಾಲ್ಕನಿಯಲ್ಲಿ ಎರಡು ವರ್ಷದಿಂದ ಹುಲುಸಾಗಿ ಬೆಳೆದಿದೆ. ಮನೆಯವರು ಓಮಕಾಳಿಗಾಗಿ ಕಾಯುತ್ತಿದ್ದಾರೆ. ಗೊಬ್ಬರ ಸಾಲದೇನೋ ಎಂದು ಎರೆಗೊಬ್ಬರ ಹಾಕಿದ್ದಾಯಿತು, ಬಿಸಿಲು ಸಾಲದೇನೋ ಎಂದು ತಾರಸಿಗೆ ಹೊತ್ತದ್ದಾಯಿತು, ಪಕ್ಕದ ಮನೆಯವರ ಕಣ್ಣು ಬಿದ್ದಿರಬೇಕು ಎಂಬಲ್ಲಿಗೂ ಮಾತು ಹೋಗಿ ಬಂತು. ಕಾಳು ಮಾತ್ರ ಇಲ್ಲ. ಬರುವುದೂ ಇಲ್ಲ. ಅದು ದೊಡ್ಡಪತ್ರೆ.

ಇಂಥ ಕುಂಡ ಈಗ ಬೀದಿಗೊಂದು. ಡಬ್ಬಿಯಲ್ಲಿರುವ ಓಮಕಾಳು ಈ ದಪ್ಪೆಲೆಯ ಗಿಡದ ಬೀಜವೇ ಎಂದು ನಂಬಿದವರಲ್ಲಿ ಓದಿದವರು, ಕೈತೋಟದ ವಿಡಿಯೊ ಮಾಡುವವರು, ಅದನ್ನು ಮಾರುವವರು ಎಲ್ಲರೂ ಇದ್ದಾರೆ. ಗಿಡದ ಮುಖ ನೋಡಿದರೂ ಅನುಮಾನ ಹುಟ್ಟಬೇಕಿತ್ತು. ಓಮ ಕೊತ್ತಂಬರಿ, ಜೀರಿಗೆ, ಸಬ್ಬಸಿಗೆಗಳ ಬಳಗದ್ದು. ಎಲೆ ಸಬ್ಬಸಿಗೆಯ ಹಾಗೆ ನೂಲು ನೂಲು, ಹೂವು ಕೊತ್ತಂಬರಿಯ ಹಾಗೆ ಕೊಡೆ ಬಿಚ್ಚಿದ ಬಿಳಿ ಗೊಂಚಲು. ದೊಡ್ಡಪತ್ರೆ ತುಳಸಿ, ಪುದೀನಗಳ ಬಳಗದ್ದು. ಎಲೆ ದಪ್ಪ, ರಸಭರಿತ, ಮೈತುಂಬ ಸಣ್ಣ ರೋಮ, ಅಂಚಿಗೆ ಕಚ್ಚು. ಎರಡಕ್ಕೂ ನೆಂಟಸ್ತಿಕೆ ಹುಡುಕುವುದು ಎಮ್ಮೆಗೂ ಆಮೆಗೂ ಜಾತಕ ಕೂಡಿಸಿದ ಹಾಗೆ.

ಹಾಗಾದರೆ ಒಂದೇ ವಾಸನೆ ಏಕೆ? ಜನ ಮೋಸಹೋಗುವುದು ಇಲ್ಲಿಯೇ, ಮತ್ತು ಇಷ್ಟರಮಟ್ಟಿಗೆ ಅವರ ಮೂಗು ತಪ್ಪು ಹೇಳಿಲ್ಲ. ಓಮದ ಘಾಟಿಗೆ ಮುಖ್ಯ ಕಾರಣ ಥೈಮಾಲ್ ಎಂಬ ವಸ್ತು. ದೊಡ್ಡಪತ್ರೆಯ ಎಣ್ಣೆಯಲ್ಲಿ ಕಾರ್ವಕ್ರಾಲ್ ಮತ್ತು ಥೈಮಾಲ್ ಎರಡೂ ಸಿಗುತ್ತವೆ. ಯಾವುದು ಎಷ್ಟು ಎಂಬುದು ಗಿಡದಿಂದ ಗಿಡಕ್ಕೆ, ಊರಿಂದ ಊರಿಗೆ ಬದಲಾಗುತ್ತದೆ. ಈ ಎರಡೂ ವಸ್ತುಗಳಲ್ಲಿ ಇಂಗಾಲದ 10, ಜಲಜನಕದ 14, ಆಮ್ಲಜನಕದ 1 ಪರಮಾಣು. ಜೋಡಣೆಯಲ್ಲಿ ಒಂದು ತುಣುಕಿನ ಜಾಗ ಮಾತ್ರ ಬೇರೆ. ಮೂಗಿಗೆ ಅವು ಅಣ್ಣತಮ್ಮಂದಿರು. ಆದರೆ ವಾಸನೆ ಒಂದಾದರೆ ಗಿಡ ಒಂದಾಗಬೇಕಿಲ್ಲ. ಯುರೋಪಿನ ಥೈಮ್ ಗಿಡದಲ್ಲೂ ಥೈಮಾಲ್ ಇದೆ, ಆ ವಸ್ತುವಿಗೆ ಹೆಸರು ಬಂದದ್ದೇ ಅದರಿಂದ. ಮೊದಲ ಮಹಾಯುದ್ಧಕ್ಕೆ ಮುಂಚೆ ಭಾರತದ ಓಮಕಾಳು ಜರ್ಮನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ಥೈಮಾಲ್ ಆಗುತ್ತಿತ್ತು. ಹಡಗು ಹತ್ತಿದ್ದು ಕಾಳಿನ ಮೂಟೆ, ದೊಡ್ಡಪತ್ರೆಯ ಕಟ್ಟಲ್ಲ.

ಗೊಂದಲಕ್ಕೆ ಹೆಸರುಗಳದ್ದೂ ಪಾಲಿದೆ. ತೆಲುಗಿನಲ್ಲಿ ದೊಡ್ಡಪತ್ರೆ ‘ವಾಮು ಆಕು’, ಅಂದರೆ ಓಮದೆಲೆ. ಹಿಂದಿಯವರಿಗೆ ಅದು ‘ಅಜವಾಯಿನ್ ಪತ್ತಾ’. ಅವರು ಎಡವಿದರೆ ಕ್ಷಮಿಸಬಹುದು. ಕನ್ನಡದವರಿಗೆ ಆ ನೆಪವೂ ಇಲ್ಲ: ದೊಡ್ಡಪತ್ರೆ, ಸಾಂಬ್ರಾಣಿ ಸೊಪ್ಪು, ಸಾಂಬಾರಬಳ್ಳಿ ಎಂದು ಓಮದ ಸೋಂಕೇ ಇಲ್ಲದ ಹೆಸರುಗಳು ಮನೆಯಲ್ಲೇ ಇದ್ದವು. ಅವನ್ನು ಮೂಲೆಗೆ ಸರಿಸಿ ಚೀಟಿಯ ಮೇಲಿನ ಹೆಸರನ್ನು ಹೊತ್ತು ತಂದದ್ದು ನಾವೇ. ಅಮೆರಿಕದಲ್ಲಿರುವ ಕನ್ನಡಿಗರು ತಂಬುಳಿಯ ಆಸೆಗೆ ಈ ಗಿಡ ಹುಡುಕಿದರೆ ಸಿಗುವುದು ‘ಕ್ಯೂಬನ್ ಒರೆಗಾನೊ’ ಎಂಬ ಹೆಸರಿನಲ್ಲಿ. ‘ಸ್ಪ್ಯಾನಿಶ್ ಥೈಮ್’, ‘ಮೆಕ್ಸಿಕನ್ ಮಿಂಟ್’, ‘ಇಂಡಿಯನ್ ಬೋರೇಜ್’ ಎಂಬವೂ ಇದರ ಬಿರುದುಗಳೇ. ಅದು ಒರೆಗಾನೊ ಅಲ್ಲ, ಥೈಮ್ ಅಲ್ಲ, ಪುದೀನವಲ್ಲ, ಬೋರೇಜ್ ಬಳಗದ್ದಂತೂ ಅಲ್ಲವೇ ಅಲ್ಲ. 1790ರಲ್ಲಿ ಲೂರೇರೊ ಎಂಬ ಪೋರ್ಚುಗೀಸ್ ಪಾದ್ರಿ ಅದಕ್ಕೆ ಇಂಡೊನೇಷ್ಯಾದ ಅಂಬೋನ್ ದ್ವೀಪದ ನೆನಪಿನಲ್ಲಿ ಕೋಲಿಯಸ್ ಅಂಬೋಯ್ನಿಕಸ್ ಎಂದು ಹೆಸರಿಟ್ಟ. ನಡುವೆ ಬಹುಕಾಲ ಪ್ಲೆಕ್ಟ್ರಾಂಥಸ್ ಆಗಿದ್ದು, 2019ರ ಪರಿಷ್ಕರಣೆಯಲ್ಲಿ ಮತ್ತೆ ಕೋಲಿಯಸ್ ಆಯಿತು. ವಿಜ್ಞಾನಿಗಳೂ ಹೆಸರು ಬದಲಿಸುತ್ತಾರೆ, ಆದರೆ ಕಾರಣ ಬರೆದಿಡುತ್ತಾರೆ.

ಬೆಳೆಸುವಲ್ಲಿ ಎರಡರ ಸ್ವಭಾವವೂ ತದ್ವಿರುದ್ಧ. ದೊಡ್ಡಪತ್ರೆಗೆ ಬೀಜದ ಗೊಡವೆಯೇ ಬೇಡ. ಗೇಣುದ್ದದ ಕಡ್ಡಿ ಮುರಿದು ಮರಳು ಬೆರೆಸಿದ ಕೆಂಪುಮಣ್ಣಿಗೆ ಚುಚ್ಚಿದರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ಅರೆನೆರಳಾದರೂ ಸರಿ. ಚಿವುಟಿದಷ್ಟೂ ಪೊದೆ ಕಟ್ಟುತ್ತದೆ, ವರ್ಷಗಟ್ಟಲೆ ಇರುತ್ತದೆ. ಪ್ರೀತಿ ಹೆಚ್ಚಾಗಿ ದಿನಾ ನೀರು ಸುರಿದರೆ ಮಾತ್ರ ಕೊಳೆಯುತ್ತದೆ, ಮಲೆನಾಡಿನ ಮಳೆಯಲ್ಲಿ ಸೂರಿನಡಿ ಇಡಬೇಕು. ಹೂವು ಬಿಡುವುದೇ ಅಪರೂಪ; ಬಿಟ್ಟರೂ ತುಳಸಿಯ ತೆನೆಯಂಥ ತೆಳು ನೇರಳೆ ಹೂವು. ಕೆಲವರು ಅದರ ಫೋಟೊ ಹಾಕಿ ‘ಓಮ ಬರಲು ಶುರುವಾಯಿತು’ ಎಂದು ಬರೆಯುತ್ತಾರೆ.

ಓಮ ಒಂದೇ ಹಂಗಾಮಿನ ಗಿಡ. ಚಳಿಗಾಲದ ಬೆಳೆಯಾಗಿ ರಾಜಸ್ಥಾನ, ಗುಜರಾತಿನ ಹೊಲಗಳಲ್ಲೂ ನಮ್ಮ ಪಕ್ಕದ ಕರ್ನೂಲಿನ ಕಡೆಯೂ ಬೆಳೆಯುತ್ತಾರೆ. ಕೈತೋಟದಲ್ಲಿ ಬೇಕೆಂದರೆ ದೀಪಾವಳಿ ಆಸುಪಾಸಿನಲ್ಲಿ, ಹುರಿಯದ ಹೊಸ ಕಾಳನ್ನು ಆಳದ ಕುಂಡದಲ್ಲಿ ಉದುರಿಸಿ ಮೇಲೆ ತೆಳುವಾಗಿ ಮಣ್ಣು ಮುಚ್ಚಬೇಕು. ಕಿತ್ತು ನಾಟಿ ಮಾಡುವುದು ಅದಕ್ಕೆ ಆಗದು, ಬಿಸಿಲು ಚೆನ್ನಾಗಿ ಬೀಳಬೇಕು. ನಾಲ್ಕೈದು ತಿಂಗಳಲ್ಲಿ ಕಾಳು ಕಟ್ಟಿ ಗಿಡ ಒಣಗುತ್ತದೆ, ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಒಂದು ಕುಂಡಕ್ಕೆ ಒಂದು ಹಿಡಿ ಕಾಳು ಸಿಕ್ಕರೆ ಪುಣ್ಯ. ದಿನಸಿ ಅಂಗಡಿಯವನ ಮುಂದೆ ಈ ಬೆಳೆ ಲಾಭದ್ದಲ್ಲ, ಆದರೆ ವಾದ ಮುಗಿಸಲು ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಮಿಕ್ಕ ನಂಬಿಕೆಗಳಿಗೆ ಇಷ್ಟು ಜಾಗ ಕೊಡಬೇಕಿಲ್ಲ. ದೊಡ್ಡಪತ್ರೆಯ ಕುಂಡ ಕಿಟಕಿಯಲ್ಲಿಟ್ಟರೆ ಸೊಳ್ಳೆ ಬಾರದು ಎನ್ನುತ್ತಾರೆ. ಎಲೆ ಹಿಸುಕದೆ ವಾಸನೆ ಮನುಷ್ಯರ ಮೂಗಿಗೇ ಸರಿಯಾಗಿ ಬಾರದು. ಆದರೆ ಒಂದನ್ನು ನಕ್ಕು ಬಿಡುವಂತಿಲ್ಲ. ಶೀತ, ಕೆಮ್ಮಿಗೆಂದು ಬಾಡಿಸಿದ ಎಲೆಯ ರಸಕ್ಕೆ ಜೇನು ಬೆರೆಸಿ ಹಸುಗೂಸಿನ ಬಾಯಿಗೂ ಸವರುವ ರೂಢಿ ಇದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು, ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಉಸಿರಿಗೆ ಎದೆ ಒಳಸೇದುವ ಮಗುವನ್ನು ಎತ್ತಿಕೊಂಡು ಓಡಬೇಕಾದ್ದು ವೈದ್ಯರ ಬಳಿಗೆ, ಹಿತ್ತಿಲಿಗಲ್ಲ.

ನಂಬುವ ಚಪಲ ಒಂದು ಕುಂಡಕ್ಕೆ ನಿಂತರೆ ಸರಿ ಎನ್ನಬಹುದಿತ್ತು. ಪಕ್ಕದ ಕುಂಡದಲ್ಲಿ ‘ಇನ್ಸುಲಿನ್ ಗಿಡ’ ಇರುತ್ತದೆ, ಅದರಲ್ಲಿ ಇನ್ಸುಲಿನ್ ಇದೆ ಎಂದು ಮಾತ್ರೆ ಬಿಟ್ಟವರೂ ಇರುತ್ತಾರೆ. ಅದರಾಚೆ ‘ಸರ್ವಸಾಂಬಾರ’ ಇರುತ್ತದೆ; ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಮೂರನ್ನೂ ಕಸಿ ಕಟ್ಟಿ ಮಾಡಿದ ಗಿಡವೆಂದು ಅದನ್ನು ಮಾರುವಾಗ ಹೇಳುತ್ತಾರೆ. ಅದು ಮಧ್ಯ ಅಮೆರಿಕ, ಕೆರಿಬಿಯನ್ ಕಡೆಯ ಒಂದೇ ಮರ, ಕಸಿಯ ಪವಾಡವಲ್ಲ. ಸೊಪ್ಪಿನವಳ ಬಳಿ ಕೊತ್ತಂಬರಿಯ ಬೇರು, ಎಲೆ, ಕಟ್ಟು ತಿರುಗಿಸಿ ಮುರುಗಿಸಿ ಚೌಕಾಶಿ ಮಾಡುವವರು, ಪ್ಲಾಸ್ಟಿಕ್ ಚೀಟಿಯ ಮುಂದೆ ಏಕೆ ಅಷ್ಟು ಮೃದುವಾಗುತ್ತಾರೋ.

ಅಡುಗೆಮನೆಯಲ್ಲಿ ಮಾತ್ರ ಇವೆರಡೂ ಹೊಂದಿಕೊಂಡಿವೆ, ಒಂದರ ಬದಲು ಇನ್ನೊಂದಾಗಿ ಅಲ್ಲ. ನಿಪ್ಪಟ್ಟು, ಕೋಡುಬಳೆಗೆ ಓಮವೇ ಬೇಕು. ನೀರು ತುಂಬಿದ ದೊಡ್ಡಪತ್ರೆ ಹೆಚ್ಚಿ ಹಾಕಿದರೆ ಗರಿಗರಿ ಹೋಗುತ್ತದೆ. ತುಪ್ಪದಲ್ಲಿ ಜೀರಿಗೆ, ಮೆಣಸಿನೊಡನೆ ಬಾಡಿಸಿ, ಕಾಯಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸುವ ತಂಬುಳಿಗೆ ದೊಡ್ಡಪತ್ರೆಯೇ ಬೇಕು. ಓಮಕಾಳಿನ ತಂಬುಳಿಯ ರುಚಿ ಬೇರೆಯೇ. ಇನ್ನು ದೊಡ್ಡಪತ್ರೆಯ ಬಜ್ಜಿ. ಇಡೀ ಎಲೆಯನ್ನು ಅದ್ದುವ ಆ ಕಡಲೆಹಿಟ್ಟಿಗೆ ಅನೇಕ ಮನೆಗಳಲ್ಲಿ ಚಿಟಿಕೆ ಓಮ ಹಾಕುವುದು ಹಳೆಯ ರೂಢಿ. ‘ಅಜವಾನ ಗಿಡ’ದ ಎಲೆಯಲ್ಲೇ ಓಮ ಇದ್ದಿದ್ದರೆ ಹಿಟ್ಟಿಗೆ ಮತ್ತೆ ಓಮ ಏಕೆ ಎಂದು ಬಾಣಲೆಯ ಮುಂದೆ ನಿಂತವರು ಯಾರೂ ಕೇಳಿದಂತಿಲ್ಲ.