ಬೆಂಗಳೂರಿನಲ್ಲಿ ಸಾವಯವ ಆಹಾರದ ವ್ಯಾಪಾರ: ಮುದ್ರೆಯ ಹಿಂದಿನ ಲೆಕ್ಕ

ಎರಡು ದಶಕಗಳ ಹಿಂದೆ ಬೆಂಗಳೂರಿನಲ್ಲಿ ಸಾವಯವ ಅಕ್ಕಿ ಬೇಕೆಂದವರು ಕೆಲವೇ ಮಳಿಗೆಗಳನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಇಂದು ಬಡಾವಣೆಯ ದಿನಸಿ ಅಂಗಡಿಯಲ್ಲೂ ಅದಕ್ಕೊಂದು ಪ್ರತ್ಯೇಕ ಕಪಾಟು ಇದೆ. ಪಾಲಿಷ್ ಮಾಡದ ರಾಜಮುಡಿ, ನವಣೆ, ಸಾಮೆ, ಗಾಣದ ಎಣ್ಣೆ, ಕಪ್ಪು ಬೆಲ್ಲ ಇವೆಲ್ಲವೂ ನಗರದ ಮಧ್ಯಮ ವರ್ಗದ ಮಾಸಿಕ ಪಟ್ಟಿಯೊಳಗೆ ಸೇರಿವೆ. ಬೇಡಿಕೆ ಬೆಳೆದಿರುವುದು ನಿಜ. ಆದರೆ ಗ್ರಾಹಕನು ಕೇಳುವ ಮೊದಲ ಪ್ರಶ್ನೆಗೆ ಉತ್ತರಿಸುವುದು ವರ್ತಕನಿಗೆ ಈಗಲೂ ಸುಲಭವಾಗಿಲ್ಲ: ಇದು ನಿಜವಾಗಿಯೂ ಸಾವಯವವೇ?

ಈ ಪ್ರಶ್ನೆಗೆ ಕಣ್ಣು, ಮೂಗು, ನಾಲಗೆಗಳಿಂದ ಉತ್ತರ ದೊರೆಯುವುದಿಲ್ಲ. ಬೆಲ್ಲದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಆಲೆಮನೆಗಳಲ್ಲಿ ಬಣ್ಣ ತಿಳಿಯಾಗಿಸಲು ಹೈಡ್ರೋಸ್ ಬಳಸುವ ರೂಢಿಯಿಂದಾಗಿ ಕಪ್ಪು ಬೆಲ್ಲವೇ ಸಾವಯವ ಬೆಲ್ಲವೆಂಬ ನಂಬಿಕೆ ಹಬ್ಬಿದೆ. ಆದರೆ ರಸಗೊಬ್ಬರ ಹಾಕಿ ಬೆಳೆದ ಕಬ್ಬನ್ನು ಹೈಡ್ರೋಸ್ ಇಲ್ಲದೆ ಕಾಸಿದರೂ ಬೆಲ್ಲ ಕಪ್ಪಾಗಿಯೇ ಬರುತ್ತದೆ. ಬಣ್ಣವು ಆಲೆಮನೆಯ ಕಥೆಯನ್ನು ಹೇಳೀತೇ ಹೊರತು ಗದ್ದೆಯ ಕಥೆಯನ್ನಲ್ಲ.

ಪ್ರಮಾಣನವು ಪ್ರಕ್ರಿಯೆಗೆ, ಪದಾರ್ಥಕ್ಕಲ್ಲ

ಸಾವಯವ ಪ್ರಮಾಣಪತ್ರವೆಂದರೆ ಪ್ರಯೋಗಾಲಯದ ವರದಿಯೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ಬೇಸಾಯ, ಸಂಗ್ರಹಣೆ, ಸಂಸ್ಕರಣೆಗಳು ನಿಗದಿತ ಕ್ರಮದಲ್ಲಿ ನಡೆದಿವೆ ಎಂಬುದರ ದಾಖಲೆ. ಪ್ರಯೋಗಾಲಯದ ಪರೀಕ್ಷೆ ಅದಕ್ಕೆ ಪೂರಕ ಮಾತ್ರ. ಕೇಂದ್ರ ವಾಣಿಜ್ಯ ಸಚಿವಾಲಯವು ಅಪೇಡಾದ ಮೂಲಕ ನಡೆಸುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮವು 2001ರಲ್ಲಿ ಅಧಿಸೂಚಿತವಾಯಿತು. ಅದರ ಸಾಮಾನ್ಯ ನಿಯಮದಂತೆ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುನ್ನ 2 ವರ್ಷ ಹಾಗೂ ಬಹುವಾರ್ಷಿಕ ಬೆಳೆಗಳಿಗೆ ಮೊದಲ ಕೊಯ್ಲಿಗೆ ಮುನ್ನ 3 ವರ್ಷಗಳ ಪರಿವರ್ತನಾ ಅವಧಿ ಕಡ್ಡಾಯ. ಈ ಅವಧಿಯಲ್ಲಿ ರೈತನು ರಾಸಾಯನಿಕಗಳನ್ನು ಬಿಟ್ಟಿರುತ್ತಾನೆ, ಇಳುವರಿ ಕುಸಿದಿರಬಹುದು, ಆದರೂ ಫಸಲನ್ನು ಸಾವಯವವೆಂದು ಮಾರುವಂತಿಲ್ಲ. ಅಂಗಡಿಯಲ್ಲಿ ಕಾಣುವ ಹೆಚ್ಚುವರಿ ಬೆಲೆಯಲ್ಲಿ ಈ ವರ್ಷಗಳ ನಷ್ಟವೂ ಸೇರಿದೆ ಎಂಬುದನ್ನು ಗ್ರಾಹಕನಿಗೆ ತಿಳಿಸಿಹೇಳುವ ವರ್ತಕರು ವಿರಳ.

ಈ ಮಾರ್ಗವು ಮುಖ್ಯವಾಗಿ ರಫ್ತಿಗೆಂದು ರೂಪುಗೊಂಡದ್ದು. ವೆಚ್ಚವೂ ಕಾಗದಪತ್ರಗಳೂ ಹೆಚ್ಚು. ಸಣ್ಣ ಹಿಡುವಳಿದಾರರಿಗೆ ಕೇಂದ್ರ ಕೃಷಿ ಸಚಿವಾಲಯದ ಸಹಭಾಗಿತ್ವ ಖಾತರಿ ಪದ್ಧತಿ, ಅಂದರೆ ಪಿ.ಜಿ.ಎಸ್. ಇಂಡಿಯಾ, ಹೆಚ್ಚು ಅನುಕೂಲ. ಕನಿಷ್ಠ 5 ಮಂದಿ ರೈತರ ಗುಂಪೊಂದು ಪರಸ್ಪರರ ಹೊಲಗಳನ್ನು ಪರಿಶೀಲಿಸುತ್ತದೆ. ಪರಿವರ್ತನೆಯಲ್ಲಿರುವ ಬೆಳೆಗೆ ಪಿ.ಜಿ.ಎಸ್. ಗ್ರೀನ್, ಪೂರ್ಣಗೊಂಡದ್ದಕ್ಕೆ ಪಿ.ಜಿ.ಎಸ್. ಆರ್ಗ್ಯಾನಿಕ್ ಎಂಬ ಗುರುತು. ಇದು ದೇಶೀಯ ಮಾರುಕಟ್ಟೆಗಷ್ಟೇ ಅನ್ವಯ. ನೆರೆಹೊರೆಯವರೇ ಪರೀಕ್ಷಕರಾದರೆ ದಾಕ್ಷಿಣ್ಯಕ್ಕೆ ಒಳಗಾಗುವುದಿಲ್ಲವೇ ಎಂಬ ಆಕ್ಷೇಪ ಇದ್ದದ್ದೇ. ಆದರೆ ರಾತ್ರಿ ಯಾರು ಯೂರಿಯಾ ಎರಚಿದರೆಂಬುದು ವರ್ಷಕ್ಕೊಮ್ಮೆ ಬರುವ ಅಧಿಕಾರಿಗಿಂತ ಬದುವಿನಾಚೆಯವನಿಗೆ ಚೆನ್ನಾಗಿ ತಿಳಿದಿರುತ್ತದೆ.

2004ರಲ್ಲೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದ ಕರ್ನಾಟಕದಲ್ಲಿ ರೈತರ ಪ್ರಾಂತೀಯ ಒಕ್ಕೂಟಗಳೂ, ಸರ್ಕಾರದ್ದೇ ಆದ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಇವೆ. ಅರಮನೆ ಮೈದಾನದಲ್ಲಿ 2017ರ ಏಪ್ರಿಲ್‌ನಲ್ಲಿ ನಡೆದ ಸಾವಯವ ಮತ್ತು ಸಿರಿಧಾನ್ಯ ಮೇಳದ ನಂತರ ಈ ಒಕ್ಕೂಟಗಳಿಗೂ ನಗರದ ಸಗಟು ಖರೀದಿದಾರರಿಗೂ ನೇರ ಪರಿಚಯ ಬೆಳೆಯಿತು.

ಕಾನೂನು ಹೇಳುವುದೇನು

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಸಾವಯವ ಆಹಾರ ನಿಯಮಾವಳಿಯು 2017ರಲ್ಲಿ ರೂಪುಗೊಂಡು 2018ರ ಜುಲೈ 1ರಿಂದ ಜಾರಿಗೆ ಬಂದಿತು. ಅದರಂತೆ ಮೇಲಿನ ಎರಡು ಪದ್ಧತಿಗಳಲ್ಲೊಂದರ ಪ್ರಮಾಣನವಿಲ್ಲದೆ ಯಾವುದೇ ಪೊಟ್ಟಣವನ್ನು ಸಾವಯವವೆಂದು ಮಾರುವಂತಿಲ್ಲ. ‘ಜೈವಿಕ್ ಭಾರತ್’ ಮುದ್ರೆ ಇದರ ಗುರುತು. ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ಉತ್ಪಾದಕ ಅಥವಾ ಉತ್ಪಾದಕರ ಸಂಘ ನೇರವಾಗಿ ಬಳಕೆದಾರನಿಗೆ ಮಾರಿದರೆ ಪ್ರಮಾಣನದಿಂದ ವಿನಾಯಿತಿಯುಂಟು, ಆದರೆ ಮುದ್ರೆ ಬಳಸುವಂತಿಲ್ಲ. ಭಾನುವಾರದ ಸಂತೆಯಲ್ಲಿ ರೈತನೇ ತಕ್ಕಡಿ ಹಿಡಿದಾಗ ದೊರೆಯುವ ಈ ಸೌಲಭ್ಯವು ಅದೇ ಮಾಲನ್ನು ಕೊಂಡು ಮರುಮಾರಾಟ ಮಾಡುವ ಅಂಗಡಿಯವನಿಗೆ ಅನ್ವಯಿಸುವುದಿಲ್ಲ. ಇಲ್ಲಿಯೇ ಅನೇಕರು ಎಡವುತ್ತಾರೆ.

ಸಾವಯವವೆಂದು ಬರೆಯಲಾಗದವರು ‘ನೈಸರ್ಗಿಕ’, ‘ಶುದ್ಧ’, ‘ಸಾಂಪ್ರದಾಯಿಕ’ ಎಂಬ ಪದಗಳ ಮೊರೆ ಹೋಗುವುದುಂಟು. 2018ರ ಜಾಹೀರಾತು ಮತ್ತು ಪ್ರತಿಪಾದನೆಗಳ ನಿಯಮಾವಳಿ ಈ ಪದಗಳ ಬಳಕೆಗೂ ಷರತ್ತುಗಳನ್ನು ವಿಧಿಸಿದೆ ಎಂಬುದು ಅವರ ಗಮನಕ್ಕೆ ಬಂದಂತಿಲ್ಲ.

ಇನ್ನು ತೆರಿಗೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮುಂಚಿತವಾಗಿ ಪೊಟ್ಟಣಗಟ್ಟಿ ಲೇಬಲ್ ಹಚ್ಚಿದ ಧಾನ್ಯಗಳ ಮೇಲೆ ಶೇ. 5ರ ಜಿ.ಎಸ್.ಟಿ. ವಿಧಿಸಲಾಯಿತು. ಬಿಡಿಯಾಗಿ ಅಳೆದು ಕೊಟ್ಟರೆ ತೆರಿಗೆಯಿಲ್ಲ, ಆದರೆ ಮುದ್ರೆ ಹಚ್ಚಲು ಪೊಟ್ಟಣ ಬೇಕೇ ಬೇಕು. ಒಂದು ಇಲಾಖೆ ಪೊಟ್ಟಣ ಕಟ್ಟೆನ್ನುತ್ತದೆ, ಇನ್ನೊಂದು ಕಟ್ಟಿದ್ದಕ್ಕೆ ತೆರಿಗೆ ಕೇಳುತ್ತದೆ.

ದಾಸ್ತಾನಿನ ಸಂಕಟ

ಈ ವ್ಯಾಪಾರದಲ್ಲಿ ಲಾಭವನ್ನು ತಿನ್ನುವುದು ಬಹುಪಾಲು ಗೋದಾಮು. ಸಾಮಾನ್ಯ ಧಾನ್ಯದ ಗೋದಾಮುಗಳಲ್ಲಿ ಫಾಸ್ಫೀನ್ ಧೂಮೀಕರಣದಿಂದ ಹುಳುವನ್ನು ತಡೆಯಲಾಗುತ್ತದೆ. ಸಾವಯವ ಮಾಲಿಗೆ ಅದು ನಿಷಿದ್ಧ. ಮೇಲಾಗಿ ಪಾಲಿಷ್ ಮಾಡದ ಅಕ್ಕಿಯಲ್ಲಿ ತೌಡಿನ ಪದರ ಉಳಿದಿರುತ್ತದೆ. ಸಿಪ್ಪೆ ಸುಲಿದೊಡನೆ ಆ ತೌಡಿನ ಎಣ್ಣೆ ಕಿಣ್ವಗಳ ಕ್ರಿಯೆಗೆ ಒಡ್ಡಿಕೊಂಡು ಕಮಟು ವಾಸನೆ ಹಿಡಿಯತೊಡಗುತ್ತದೆ. ನವಣೆ, ಸಾಮೆ, ಊದಲುಗಳದ್ದೂ ಇದೇ ಸ್ಥಿತಿ. ಸಿಪ್ಪೆಯೊಳಗಿರುವ ನವಣೆ ದೀರ್ಘಕಾಲ ಕೆಡದೆ ಇರುತ್ತದೆ. ಅಕ್ಕಿ ಮಾಡಿದ ಮೇಲೆ ಅದರ ಆಯುಷ್ಯ ತಿಂಗಳುಗಳಲ್ಲಿ ಎಣಿಸುವಷ್ಟೇ. ಆದುದರಿಂದ ಒಂದು ವರ್ಷದ ಮಾಲನ್ನು ಒಮ್ಮೆಗೇ ಮಿಲ್ ಮಾಡಿಸಿ ಇಡುವ ರೂಢಿಯನ್ನು ಕೈಬಿಟ್ಟು, ಬೇಡಿಕೆಗೆ ತಕ್ಕಂತೆ ಸ್ವಲ್ಪಸ್ವಲ್ಪವಾಗಿ ಸಿಪ್ಪೆ ಬಿಡಿಸುವುದು ಲಾಭಕರ. ಮಳೆಗಾಲದಲ್ಲಿ ಇದು ಇನ್ನಷ್ಟು ಮುಖ್ಯ.

ಹಿಂದೆ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಮುಚ್ಚಿದ ನೆಲಗುಂಡಿಯಲ್ಲಿ ಧಾನ್ಯದ ಉಸಿರಾಟದಿಂದಲೇ ಆಮ್ಲಜನಕ ಕಡಿಮೆಯಾಗಿ ಹುಳುವಿಗೆ ಉಳಿಗಾಲವಿರುತ್ತಿರಲಿಲ್ಲ. ಇಂದಿನ ಸಾವಯವ ಗೋದಾಮುಗಳಲ್ಲಿ ಅನುಮತಿಸಲಾಗಿರುವ ಇಂಗಾಲದ ಡೈ ಆಕ್ಸೈಡ್ ಅಥವಾ ಸಾರಜನಕ ತುಂಬುವ ವಿಧಾನದ ತತ್ವವೂ ಅದೇ. ನಿರ್ವಾತ ಪೊಟ್ಟಣ, ಶೀತಲೀಕರಣಗಳಿಗೂ ಅವಕಾಶವಿದೆ, ಆದರೆ ಸಣ್ಣ ಅಂಗಡಿಯವನಿಗೆ ಇವುಗಳ ಬಂಡವಾಳ ಭಾರ. ಹುಳು ಬಿದ್ದ ಪೊಟ್ಟಣ ಹಿಂತಿರುಗಿ ಬಂದಾಗ ಅದರ ನಷ್ಟ ಯಾರದ್ದೆಂಬುದನ್ನು ಖರೀದಿಯ ಕರಾರಿನಲ್ಲಿಯೇ ಬರೆಯದಿದ್ದರೆ ಕೊನೆಗೆ ಅದು ರೈತರ ಗುಂಪಿನ ತಲೆಗೇ ಬರುತ್ತದೆ. ಹೊಸದಾಗಿ ಸಾವಯವಕ್ಕೆ ಬಂದ ಗುಂಪೊಂದು ಹಳೆಯ ಪದ್ಧತಿಗೆ ಮರಳಲು ಇಂತಹ ಒಂದೆರಡು ಹಿಂತಿರುಗಿಕೆಗಳೇ ಸಾಕು.

ಗಾಣದ ಎಣ್ಣೆ ಮತ್ತು ಹಸಿ ಹಾಲು

ಸಂಸ್ಕರಿಸದ ಆಹಾರವೆಲ್ಲವೂ ತಾನಾಗಿಯೇ ಸುರಕ್ಷಿತವೆಂಬ ಭಾವನೆ ಸರಿಯಲ್ಲ. ಬೂಷ್ಟು ಹಿಡಿದ ಶೇಂಗಾದಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ರಿಫೈನ್ ಮಾಡುವಾಗ ಬಹುಮಟ್ಟಿಗೆ ಹೊರಹೋಗುತ್ತದೆ. ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ಆದುದರಿಂದ ಗಾಣ ಮರದ್ದೋ ಕಬ್ಬಿಣದ್ದೋ ಎಂಬುದಕ್ಕಿಂತ ಶೇಂಗಾವನ್ನು ಒಣಗಿಸಿ ಆರಿಸಿದ ಬಗೆಯೇ ಮುಖ್ಯ. ರಾಜ್ಯ ಸರ್ಕಾರದ ವಿಶೇಷ ವಿನಾಯಿತಿಯಿಲ್ಲದೆ ಖಾದ್ಯ ತೈಲವನ್ನು ಬಿಡಿಯಾಗಿ ಮಾರುವುದನ್ನು 2011ರ ನಿಯಮಗಳು ನಿಷೇಧಿಸಿವೆ ಎಂಬುದನ್ನೂ ಗಾಣದವರು ಮರೆಯುವಂತಿಲ್ಲ.

ಹಸಿ ಹಾಲಿನಿಂದ ಬ್ರೂಸೆಲ್ಲಾ ಹಾಗೂ ಕ್ಷಯದ ರೋಗಾಣುಗಳು ಹರಡಬಲ್ಲವು. ಪಾಶ್ಚರೀಕರಣವೆಂದರೆ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುವುದಷ್ಟೇ. ಕುದಿಸಿ ಕುಡಿಯುವ ನಮ್ಮ ಮನೆಗಳ ಪದ್ಧತಿ ಅದಕ್ಕಿಂತ ಕಠಿಣವಾದದ್ದು. ಕುದಿಸದೆ ಕುಡಿಯಿರೆಂದು ಹೇಳಿ ಹಸಿ ಹಾಲು ಮಾರುವುದು ಬೇಜವಾಬ್ದಾರಿ.

ಖರೀದಿಯಲ್ಲಿ ಕೇಳಬೇಕಾದ ಕಾಗದ

ಸಗಟು ಖರೀದಿಯಲ್ಲಿ ಮಾರಾಟಗಾರನು ಸಾಮಾನ್ಯವಾಗಿ ತೋರಿಸುವುದು ಚೌಕಟ್ಟು ಹಾಕಿಸಿದ ವ್ಯಾಪ್ತಿ ಪ್ರಮಾಣಪತ್ರವನ್ನು. ಅದು ಯಾರು, ಯಾವ ಬೆಳೆ, ಎಷ್ಟು ಭೂಮಿ ಎಂಬುದನ್ನು ಹೇಳುತ್ತದೆಯೇ ಹೊರತು ಈ ಲಾರಿಯಲ್ಲಿ ಬಂದಿರುವ ಚೀಲಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕಾಗಿ ಇರುವುದು ವಹಿವಾಟು ಪ್ರಮಾಣಪತ್ರ. ಅಪೇಡಾದ ಟ್ರೇಸ್‌ನೆಟ್ ಗಣಕ ವ್ಯವಸ್ಥೆಯಲ್ಲಿ ಪ್ರತಿ ಮಾರಾಟದ ಪ್ರಮಾಣವೂ ಉತ್ಪಾದಕನ ಖಾತೆಯಿಂದ ಕಳೆಯಲ್ಪಡುತ್ತದೆ. ಒಂದು ಟನ್ನಿನ ಫಸಲು ತೋರಿಸಿ ಮೂರು ಟನ್ ಮಾರುವವನು ಸಿಕ್ಕಿಬೀಳುವುದು ಇಲ್ಲಿಯೇ. ಆದರೆ ಖರೀದಿದಾರನು ಆ ಕಾಗದವನ್ನು ಕೇಳಿ, ಅದರಲ್ಲಿನ ಲಾಟ್ ಸಂಖ್ಯೆಯನ್ನು ಚೀಲದ ಮೇಲಿನ ಸಂಖ್ಯೆಯೊಡನೆ ತಾಳೆ ನೋಡಿದರೆ ಮಾತ್ರ.